ಇಲ್ಲದ ತಮ್ಮ

ಹೆಲ್ವಿ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತು ಅಂದು, ಬಾಗಿಲು ದಡಾರನೆ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದೆ. ಮೂವತ್ತನಾಲ್ಕು ವರ್ಷ ನಮ್ಮ ಸಂಸಾರ ನಡೆದದ್ದೇ ಹಾಗೆ. ಅವತ್ತು ಮಾತ್ರ ಅವಳು ಸೂಟ್‌ಕೇಸನ್ನು ಮಂಚದ ಮೇಲಿಟ್ಟುಕೊಂಡು, ಸ್ವೆಟರುಗಳನ್ನು ಒಂದೊಂದಾಗಿ ಮಡಚಿ ಅದರೊಳಗೆ ಇಡುತ್ತಿದ್ದಳು.

"ಐದು ಅಂಚೆ ಡಬ್ಬಿ, ಆರ್ವೋ. ಒಂದಲ್ಲ, ಎರಡಲ್ಲ," ಅಂದಳು.

ನನ್ನ ಕೆಲಸ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವುದು. ಇಪ್ಪತ್ತಾರು ವರ್ಷದಿಂದ ಅದೇ. ಆ ದಿನ ಬೆಳಿಗ್ಗೆ ಆರಕ್ಕೆ, ಹಿಂದಿನ ರಾತ್ರಿ ಕುಡಿದದ್ದು ಇನ್ನೂ ಮೈಯಲ್ಲಿರುವಾಗಲೇ, ನಮ್ಮ ಬೀದಿಯ ಮನೆಗಳ ಮುಂದೆ ಕಂಬದ ಮೇಲಿದ್ದ ಅಂಚೆ ಡಬ್ಬಿಗಳನ್ನು ಸಾಲಾಗಿ ಉರುಳಿಸಿಕೊಂಡು ಹೋಗಿದ್ದೆ. ಡಬ್ಬಿಯ ಜಾಗದಲ್ಲಿ ಶಾಲೆ ಬಸ್ಸಿಗೆ ಕಾಯುವ ಮಕ್ಕಳಿರಲಿಲ್ಲ ಎಂಬುದು ನನ್ನ ಪುಣ್ಯ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಬೀದಿಯವರು ಜಗಳಕ್ಕೆ ಬರಲಿಲ್ಲ. ನಮ್ಮ ಕಡೆಯವರು ಜಗಳ ಆಡುವುದಿಲ್ಲ, ಸುಮ್ಮನಿರುತ್ತಾರೆ, ಅದು ಇನ್ನೂ ಕೆಟ್ಟದ್ದು. ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು, ಗುಂಡಿ ತೋಡಲು ಆಗುವ ಹಾಗಿರಲಿಲ್ಲ. ಬಕೆಟ್ಟುಗಳಿಗೆ ಜಲ್ಲಿ ತುಂಬಿ ಹೊಸ ಕಂಬ ನಿಲ್ಲಿಸಿಕೊಟ್ಟೆ. ಅವರೇ ಬಂದು ಕಂಬ ಹಿಡಿದುಕೊಂಡರು. "ಹಿಮ ಜಾಸ್ತಿ ಇತ್ತು ಬಿಡು," ಅಂದರು. ಒಬ್ಬರೂ ನನ್ನ ಮುಖ ನೋಡಲಿಲ್ಲ.

"ಮೀಟಿಂಗಿಗೆ ಹೋಗು," ಹೆಲ್ವಿ ಸೂಟ್‌ಕೇಸಿನ ಮುಚ್ಚಳ ಹಾಕುತ್ತ ಹೇಳಿದಳು. "ಇಲ್ಲಾಂದ್ರೆ ನಾನು ಗ್ರೀನ್ ಬೇ ಊರಿಗೆ ಹೋಗಿ ಸೈಮಾ ಹತ್ರ ಇರ್ತೀನಿ. ಈ ಸಲ ಹೋದ್ರೆ ವಾಪಸ್ ಬರಲ್ಲ."

ಸೈಮಾ ಅಂದರೆ ಅವಳ ಅಕ್ಕ. ನನ್ನನ್ನು ಮದುವೆಯ ದಿನದಿಂದಲೂ ಕಂಡರಾಗದವಳು. ಪಾಪ, ಅವಳ ಅಂದಾಜು ಸರಿಯಾಗಿಯೇ ಇತ್ತು.

ಕ್ಲಿನಿಕ್ಕಿನ ನರ್ಸು ಒಂದು ಕಾಗದ ಕೊಟ್ಟಳು. ಕುಡಿತ ಬಿಡಬೇಕು ಅನ್ನುವವರು ಎಲ್ಲೆಲ್ಲಿ, ಯಾವ ವಾರ, ಎಷ್ಟು ಗಂಟೆಗೆ ಸೇರುತ್ತಾರೆ ಎಂಬ ಪಟ್ಟಿ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತೆ. ನಮ್ಮ ಊರಿನದಕ್ಕೆ ನನ್ನ ಮೇಸ್ತ್ರಿ ಕ್ಲಿಫರ್ಡನ ಭಾವಮೈದ ಹೋಗುತ್ತಾನೆ. ಬೇಡ. ಆಸ್ಪತ್ರೆಯದು ಬೆಳಿಗ್ಗೆ ಆರೂವರೆಗೆ, ನಾನು ರಸ್ತೆಯಲ್ಲಿರುವ ಹೊತ್ತು. ಒಂದು ಹೆಂಗಸರಿಗೆ ಮಾತ್ರ. ಒಂದು ಹುಡುಗರಿಗೆ. ಇನ್ನೊಂದು ನಮ್ಮದೇ ಚರ್ಚಿನ ನೆಲಮಾಳಿಗೆಯಲ್ಲಿ, ನನ್ನ ಮಗಳ ಮದುವೆ ಊಟ ಬಡಿಸಿದ ಜಾಗದಲ್ಲಿ. ಅಲ್ಲಿ ಕೂತು ನಾನು ಕುಡುಕ ಅನ್ನುವುದಕ್ಕಿಂತ ಕೆರೆಗೆ ಹಾರುವುದು ವಾಸಿ, ಆದರೆ ಆ ತಿಂಗಳಲ್ಲಿ ಕೆರೆಯೂ ಗಟ್ಟಿಯಾಗಿರುತ್ತದೆ.

"ಎಲ್ಲದಕ್ಕೂ ಒಂದೊಂದು ಕೊಂಕು," ಹೆಲ್ವಿ ಒಲೆಯ ಮುಂದಿನಿಂದಲೇ ಅಂದಳು. "ಬಾರ್ ಹುಡುಕೋವಾಗ ಇಷ್ಟು ಆರಿಸಿದ್ದು ನಾನು ಕಾಣೆ."

ಕೊನೆಗೆ ಮೂವತ್ತೆಂಟು ಮೈಲಿ ದೂರದ ಊರಿನದು ಸಿಕ್ಕಿತು. ಮಂಗಳವಾರ ಸಂಜೆ ಏಳಕ್ಕೆ, ಅಲ್ಲಿನ ಚರ್ಚಿನ ನೆಲಮಾಳಿಗೆಯಲ್ಲಿ. ಅಲ್ಲಿ ನನ್ನನ್ನು ಬಲ್ಲವರು ಒಂದು ನರಪಿಳ್ಳೆಯೂ ಇಲ್ಲ. ನನಗೆ ಸರಿಹೊಂದುವ ಮೀಟಿಂಗ್ ಅಂದರೆ ಇದೇ ಅಂದುಕೊಂಡೆ.

ಮೊದಲ ಮಂಗಳವಾರ ಮೆಟ್ಟಿಲಿಳಿದು ಹೋದರೆ ಎದುರು ಬದುರು ಎರಡು ಬಾಗಿಲು. ಎಡಗಡೆಯದರ ಮೇಲೆ ಅಂಟಿಸಿದ್ದ ಕಾಗದದಲ್ಲಿ 'ಕ್ಲೋಸ್ಡ್ ಮೀಟಿಂಗ್' ಎಂದು ಬರೆದಿತ್ತು. ಕ್ಲೋಸ್ಡ್ ಅಂದರೆ ನನ್ನ ಮಟ್ಟಿಗೆ ಒಂದೇ ಅರ್ಥ, ಅಂಗಡಿ ಮುಚ್ಚಿದೆ, ಮನೆಗೆ ಹೋಗಿ ಅಂತ. ನಿಜ ಹೇಳುತ್ತೇನೆ, ಎದೆ ಹಗುರಾಯಿತು. ಮುಚ್ಚಿದ್ದರೆ ನಾನೇನು ಮಾಡಲಿ, ಹೆಲ್ವಿಗೆ ಹೇಳಲು ಒಂದು ಕಾರಣ ಸಿಕ್ಕಿತಲ್ಲ. ತಿರುಗಿ ಮೆಟ್ಟಿಲು ಹತ್ತುವಷ್ಟರಲ್ಲಿ ಬಲಗಡೆಯ ಬಾಗಿಲಿಂದ ಒಬ್ಬ ದಪ್ಪ ಹೆಂಗಸು ಕಾಫಿ ಲೋಟ ಹಿಡಿದು ಬಂದಳು. ಎಪ್ಪತ್ತು ದಾಟಿದವಳು. ಅವಳ ಬಾಗಿಲ ಮೇಲೆ 'ಎಲ್ಲರಿಗೂ ಸ್ವಾಗತ' ಎಂದಿತ್ತು.

"ಒಳಗೆ ಬನ್ನಿ, ಚಳಿ," ಅಂದಳು. "ನಾನು ವರ್ನಾ. ಮೊದಲ ಸಲವಾ?"

ಹೌದೆಂದೆ. ಒಳಗೆ ಹತ್ತು ಮಂದಿ ದುಂಡಗೆ ಕೂತಿದ್ದರು. ವರ್ನಾ ನನ್ನ ಕೈಗೆ ಕಾಫಿ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದಳು, "ನಿಮ್ಮೋರು ಯಾರು?"

ನನಗೆ ಅರ್ಥವಾಗಲಿಲ್ಲ.

"ಕುಡಿಯೋದು ಯಾರು ಅಂತ. ಹೆಂಡತೀನಾ? ಮಗಾನಾ? ನಮಗೆಲ್ಲ ಒಬ್ಬೊಬ್ಬರು ಇದಾರೆ. ನನ್ನದು ಗಂಡ, ತೀರ್ಕೊಂಡ. ಆಮೇಲೆ ಮಗ ಶುರು ಮಾಡಿದ."

ಆಗ ತಿಳಿಯಿತು, ಇದು ಕುಡಿಯುವವರ ಕೋಣೆಯಲ್ಲ, ಅವರ ಮನೆಯವರ ಕೋಣೆ. 'ಕುಡಿಯೋದು ನಾನೇ, ತಪ್ಪಿ ಬಂದೆ' ಅನ್ನಬೇಕಿತ್ತು. ನಾಲ್ಕು ಪದ. ಹತ್ತು ಮುಖಗಳು ನನ್ನ ಕಡೆ ಕರುಣೆಯಿಂದ ನೋಡುತ್ತಿದ್ದವು. ಬಹಳ ವರ್ಷದಿಂದ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

"ತಮ್ಮ," ಅಂದೆ. "ಎಯ್ನೋ."

ನನಗೆ ತಮ್ಮನಿಲ್ಲ. ಅಣ್ಣನೂ ಇಲ್ಲ. ನಮ್ಮಪ್ಪನಿಗೆ ನಾನೊಬ್ಬನೇ ಸಾಕಾಗಿದ್ದೆ.

ಆ ಕೋಣೆಗೆ ಒಂದು ನಿಯಮವಿತ್ತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಬುದ್ಧಿ ಹೇಳುವಂತಿಲ್ಲ, ಮರುಪ್ರಶ್ನೆ ಹಾಕುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೆಸರು ಹೇಳಿ 'ಥ್ಯಾಂಕ್ಸ್' ಅನ್ನಬೇಕು, ಅಷ್ಟೆ. ಒಳಗೆ ಕೇಳಿದ್ದು ಹೊರಗೆ ಹೋಗಬಾರದು. ಸುಳ್ಳುಗಾರನಿಗೆ ಇದಕ್ಕಿಂತ ಅನುಕೂಲದ ಜಾಗ ಎಲ್ಲಿ ಸಿಗುತ್ತದೆ?

ಎರಡನೇ ವಾರ ಹೊರಗೆ ಸಿಗರೇಟು ಸೇದುತ್ತ ನಿಂತಿದ್ದ ಡೆಲ್ಬರ್ಟ್ ಎಂಬ ಮುದುಕನನ್ನು, ಎಡಗಡೆ ಕೋಣೆ ಯಾವಾಗ ತೆಗೆಯುತ್ತದೆ ಎಂದು ಕೇಳಿದೆ. ಅವನು ಕೆಮ್ಮುತ್ತ ನಕ್ಕ.

"ಕ್ಲೋಸ್ಡ್ ಅಂದ್ರೆ ಬಾಗಿಲು ಹಾಕಿದೆ ಅಂತಲ್ಲ ಮಾರಾಯ. ಕುಡಿಯೋರಿಗೆ ಮಾತ್ರ ಅಂತ. ನೋಡೋಕೆ ಬರೋರು, ಪಾದ್ರಿಗಳು, ನೆಂಟರು, ಯಾರಿಗೂ ಪ್ರವೇಶ ಇಲ್ಲ. ಯಾಕೆ, ನೀನು ಬರ್ತೀಯಾ?"

"ನನ್ನ ತಮ್ಮನಿಗೆ ಕೇಳಿದೆ," ಅಂದೆ.

ಮೊದಲ ವಾರದ್ದು ತಪ್ಪು. ಅದನ್ನು ಯಾರು ಬೇಕಾದರೂ ಕ್ಷಮಿಸಬಹುದು. ಎರಡನೇ ವಾರ ಗೊತ್ತಿದ್ದೂ ಬಲಗಡೆ ತಿರುಗಿದೆನಲ್ಲ, ಅದಕ್ಕೆ ಏನನ್ನಬೇಕೋ ನೀವೇ ಹೇಳಿ. ನಾನು ಹೇಳಿಕೊಂಡದ್ದು ಇಷ್ಟು: ಮೀಟಿಂಗ್ ಅಂದರೆ ಮೀಟಿಂಗ್, ಇದೂ ಅದೇ ಚರ್ಚು, ಅದೇ ಕಾಫಿ. ಕಾಫಿ ಅದೇ ಇರಲಿಲ್ಲ, ವರ್ನಾಳದು ಬಹಳ ಚೆನ್ನಾಗಿತ್ತು.

ಎಯ್ನೋಗೆ ಕೈಕಾಲು ಬಂದವು. ಮೂರನೇ ವಾರದ ಹೊತ್ತಿಗೆ ಅವನಿಗೊಬ್ಬ ಹೆಂಡತಿ, ಒಂದು ಕೆಲಸ, ಮೊಣಕಾಲು ನೋವು. ನಾನು ಕುಡಿದು ಮಗಳ ಪದವಿ ಸಮಾರಂಭದಲ್ಲಿ ಕುರ್ಚಿಯಿಂದ ಜಾರಿದ್ದನ್ನು ಎಯ್ನೋ ಮಾಡಿದ ಎಂದೆ. ಮಾವನ ಶವಸಂಸ್ಕಾರಕ್ಕೆ ಹೋಗದೆ ಲಾರಿಯಲ್ಲೇ ನಿದ್ದೆ ಹೋಗಿದ್ದನ್ನೂ ಅವನ ತಲೆಗೆ ಕಟ್ಟಿದೆ. ಹೇಳುವಾಗ ನನ್ನ ದನಿ ನಡುಗುತ್ತಿತ್ತು. ಒಬ್ಬಳು ಕಣ್ಣೊರೆಸಿಕೊಂಡಳು. "ಥ್ಯಾಂಕ್ಸ್, ಆರ್ವೋ," ಎಂದು ಹತ್ತು ಮಂದಿ ಒಟ್ಟಿಗೆ ಅಂದರು. ಮನೆಗೆ ಹೋಗುವ ದಾರಿಯಲ್ಲಿ ಎಷ್ಟು ಒಳ್ಳೆಯ ಅಣ್ಣ ನಾನು ಎಂದು ನನಗೇ ಅನ್ನಿಸುತ್ತಿತ್ತು. ಛೀ, ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ.

ಅವರ ಮಾತೂ ಕಿವಿಗೆ ಬೀಳುತ್ತಿತ್ತು, ಬೇಡವೆಂದರೂ. ಒಬ್ಬ ಗಂಡಸು ಹೆಂಡತಿ ನಿದ್ದೆ ಮಾಡುತ್ತಿರುವಾಗ ಅವಳ ಮೂಗಿನ ಹತ್ತಿರ ಕೈ ಹಿಡಿದು ಉಸಿರಿದೆಯೇ ಎಂದು ನೋಡುತ್ತಾನಂತೆ. ವರ್ನಾ ಗಂಡನ ಲಾರಿ ಬರುವ ಸದ್ದಿನಲ್ಲೇ ಅವತ್ತು ಎಷ್ಟು ಕುಡಿದಿದ್ದಾನೆಂದು ತಿಳಿದುಕೊಳ್ಳುತ್ತಿದ್ದಳಂತೆ. ಹೆಲ್ವಿಯೂ ನಾನು ಬಂದ ಕೂಡಲೇ ಕಿಟಕಿಯ ಹತ್ತಿರದಿಂದ ಸರಿಯುತ್ತಿದ್ದಳು. ದಾರಿ ನೋಡುತ್ತಿದ್ದಾಳೆ ಅಂದುಕೊಂಡಿದ್ದೆ.

ಅಷ್ಟು ಕೇಳಿಯೂ ನಾನು ಬಿಟ್ಟೆನೇ? ಇಲ್ಲ. ಶನಿವಾರ ಬಿಸಿ ಹಬೆಯ ಸ್ನಾನ ಮಾಡುವ ನಮ್ಮ ಸೌನಾ ಕೋಣೆಯ ಸೌದೆ ರಾಶಿಯ ಹಿಂದೆ ಒಂದು ಬಾಟಲಿ ಇರುತ್ತಿತ್ತು. ಮೊದಲಿಗಿಂತ ಕಡಿಮೆ ಕುಡಿಯುತ್ತಿದ್ದೆ, ಹುಷಾರಾಗಿ ಕುಡಿಯುತ್ತಿದ್ದೆ. ಕೆಮ್ಮಿನ ಔಷಧಿಯ ಬಾಟಲಿಯೊಂದನ್ನು ಯಾವಾಗಲೂ ಎದುರಿಗೇ ಇಟ್ಟಿರುತ್ತಿದ್ದೆ.

ಹೆಲ್ವಿ ಮಾತ್ರ ಬದಲಾಗಿದ್ದಳು. ನಾಲ್ಕನೇ ವಾರ ಸೂಟ್‌ಕೇಸು ಮಂಚದ ಕೆಳಗಿನಿಂದ ಅಟ್ಟಕ್ಕೆ ಹೋಯಿತು. ಸ್ವೆಟರುಗಳು ಬೀರುವಿಗೆ ಬಂದವು. ಮಂಗಳವಾರ ಸಂಜೆ ನನಗೆ ದಾರಿಗೆಂದು ಆಲೂಗಡ್ಡೆ, ಮಾಂಸ ತುಂಬಿದ ಕಡುಬು ಬೇಯಿಸಿ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದಳು.

"ಏನು ಮಾತಾಡ್ತೀರಾ ಅಲ್ಲಿ?" ಎಂದು ಒಂದು ಸಲ ಕೇಳಿದಳು.

"ಹೇಳಬಾರದು ಅಂತ ನಿಯಮ," ಅಂದೆ.

"ಬೇಡ ಬಿಡು. ಕೇಳಬಾರದಿತ್ತು," ಅಂದಳು. ನನ್ನ ಮಾತನ್ನು ಅವಳು ಗೌರವಿಸಿದಳು.

ಏಳನೇ ಮಂಗಳವಾರ. ನನ್ನ ಸರದಿ ಬಂತು. ಆ ಹೊತ್ತಿಗೆ ನನಗೆ ಭಾಷಣದ ರುಚಿ ಹತ್ತಿತ್ತು. ಎಯ್ನೋ ಮೀಟಿಂಗಿಗೆ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿ ಇನ್ನೂ ಕುಡಿಯುತ್ತಿದ್ದಾನೆ ಎಂದು ಶುರು ಮಾಡಿದೆ. ಯಾಕೆ ಅಷ್ಟು ಹತ್ತಿರಕ್ಕೆ ಹೋದೆನೋ ಗೊತ್ತಿಲ್ಲ. ಹೇಳಿಬಿಡಬೇಕು ಎಂಬ ಆಸೆ ಒಳಗೆಲ್ಲೋ ಇದ್ದಿರಬೇಕು, ಧೈರ್ಯ ಒಂದಿರಲಿಲ್ಲ.

"ಸೌನಾದ ಸೌದೆ ಹಿಂದೆ ಬಾಟಲಿ ಇಟ್ಟಿರ್ತಾನೆ," ಅಂದೆ. "ಅವನ ಹೆಂಡತಿಗೆ ಗೊತ್ತಿಲ್ಲ. ಅವಳ ಕಣ್ಣಿಗೆ ಮಣ್ಣೆರಚೋದು ಬಲು ಸುಲಭ. ಯಾಕಂದ್ರೆ ಅವಳಿಗೆ ನಂಬಬೇಕು ಅಂತ ಆಸೆ ಇದೆ."

ತಣ್ಣನೆ ಗಾಳಿ ಕಾಲಿಗೆ ತಾಗಿತು. ಬಾಗಿಲು ಆಗಲೇ ತೆರೆದಿತ್ತು. ಹೆಲ್ವಿ ನಿಂತಿದ್ದಳು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ಹಾಕುವ ಬಿಳಿ ಬೂಟು ಇನ್ನೂ ಕಾಲಲ್ಲಿತ್ತು, ಕೈಯಲ್ಲಿ ಏಲಕ್ಕಿ ಹಾಕಿ ಜಡೆಯಂತೆ ಹೆಣೆದ ಬ್ರೆಡ್ಡಿನ ತಟ್ಟೆ.

ಮನೆಯವರಿಗೂ ಒಂದು ಕೋಣೆ ಇದೆ, ಅದೇ ಚರ್ಚು, ಅದೇ ಹೊತ್ತು ಎಂದು ನರ್ಸು ಅವಳಿಗೆ ಹೇಳಿದ್ದಳಂತೆ. ಗಂಡ ಎಡಗಡೆ ಕೂತಿರುವಾಗ ತಾನು ಬಲಗಡೆ ಕೂರೋಣ, ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವನಿಗೆ ಕಾಣಿಸಿಕೊಳ್ಳೋಣ ಎಂದು ಕೆಲಸ ಬೇಗ ಮುಗಿಸಿ ಬಂದಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಅವಳು ಎಲ್ಲವನ್ನೂ ಕೇಳಿಸಿಕೊಂಡಳು ಎಂಬುದೊಂದೇ. ಮಾತನ್ನು ಅಲ್ಲಿಗೇ ನಿಲ್ಲಿಸಿದೆ.

"ಥ್ಯಾಂಕ್ಸ್, ಆರ್ವೋ," ಎಂದರು ಎಲ್ಲರೂ, ಮುಗಿಯಿತೆಂದುಕೊಂಡು.

ವರ್ನಾ ಎದ್ದು ತಟ್ಟೆ ತೆಗೆದುಕೊಂಡಳು. "ಬಾಮ್ಮ, ಕೂತ್ಕೋ. ಇಲ್ಲಿ ಯಾರಾದರೂ ಪರಿಚಯ ಇದಾರಾ?"

ಹೆಲ್ವಿ ನನ್ನನ್ನು ನೋಡಿದಳು. ನಾನು ಹೇಳಿಕೊಳ್ಳಲಿ ಎಂದು ಕಾದಳೋ ಏನೋ. ನಾನು ನೆಲ ನೋಡಿದೆ.

"ಇಲ್ಲ," ಅಂದಳು. "ಇಲ್ಲಿ ನನಗೆ ಯಾರೂ ಗೊತ್ತಿಲ್ಲ."

ನನ್ನ ಎದುರಿನ ಕುರ್ಚಿಯಲ್ಲೇ ಕೂತಳು, ಖಾಲಿ ಇದ್ದದ್ದು ಅದೊಂದೇ. ಇಷ್ಟವಿದ್ದರೆ ಮಾತಾಡಬಹುದು, ಇಲ್ಲದಿದ್ದರೆ ಇಲ್ಲ ಎಂದು ವರ್ನಾ ಹೇಳಿದಳು. ಹೆಲ್ವಿ ಕೋಟಿನ ಗುಂಡಿಯನ್ನೂ ಬಿಚ್ಚಲಿಲ್ಲ.

"ನನ್ನ ಹೆಸರು ಹೆಲ್ವಿ. ನನ್ನ ಗಂಡ ಕುಡೀತಾನೆ," ಅಂದಳು. "ಬಿಡ್ತಿದಾನೆ ಅಂದ್ಕೊಂಡಿದ್ದೆ. ಇವತ್ತು ಸಂಜೆ ತನಕ ನಂಬಿದ್ದೆ. ಅಕ್ಕನಿಗೆ ಫೋನ್ ಮಾಡಿ ಜಂಬ ಕೊಚ್ಕೊಂಡೆ, ನೋಡು, ನೀನು ಅಂದಿದ್ದೆಲ್ಲ ಸುಳ್ಳಾಯ್ತು ಅಂತ. ಅವನ ಉಸಿರು ವಾಸನೆ ಬಂದ್ರೂ ಕೆಮ್ಮಿನ ಔಷಧಿ ಅಂತ ನನಗೆ ನಾನೇ ಹೇಳ್ಕೊಂಡೆ. ಅವನು ಸುಳ್ಳು ಹೇಳೋದು ಹೊಸದೇನಲ್ಲ. ಆದ್ರೆ ಈ ಸಲ ನಾನು ಖುಷಿ ಪಟ್ಟಿದ್ದೆ. ಅಡುಗೆಮನೇಲಿ ಒಬ್ಬಳೇ ಹಾಡು ಹೇಳ್ಕೊಂಡಿದ್ದೆ. ಅದನ್ನ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ."

ಅವಳು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಯಮದ ಪ್ರಕಾರ ನಾನು ಬಾಯಿ ತೆರೆಯುವಂತಿರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಹೆಲ್ವಿಯ ಮಾತನ್ನು ನಡುವೆ ಕತ್ತರಿಸದೆ ಕೊನೆಯವರೆಗೆ ಕೇಳಿದ್ದು ಅದೇ ಮೊದಲು.

"ಥ್ಯಾಂಕ್ಸ್, ಹೆಲ್ವಿ," ಎಂದರು.

ವರ್ನಾ ನನ್ನ ಕಡೆ ತಿರುಗಿದಳು. "ಆರ್ವೋ, ನೀನು ಅರ್ಧಕ್ಕೇ ನಿಲ್ಲಿಸಿದ ಹಾಗಿತ್ತು. ಎಯ್ನೋ ವಿಷಯ ಇನ್ನೂ ಏನಾದ್ರೂ ಇತ್ತಾ?"

ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ. ತಲೆನೋವು ಅಂದು ಎದ್ದು ಹೋಗಬಹುದಿತ್ತು. ಹೆಲ್ವಿ ನನ್ನನ್ನು ಬಯಲು ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವಳು ಬಾಯಿ ಬಿಡುವವಳಲ್ಲ. ಮನೆಗೆ ಹೋಗಿ ಸೂಟ್‌ಕೇಸು ಇಳಿಸುತ್ತಾಳೆ, ಸದ್ದಿಲ್ಲದೆ ಹೊರಟುಹೋಗುತ್ತಾಳೆ, ಇಲ್ಲಿ ಎಯ್ನೋ ಬದುಕಿರುತ್ತಾನೆ. ಅದು ಬೇಡವೆನ್ನಿಸಿ ತಲೆ ಎತ್ತಿದೆ.

"ನನಗೆ ತಮ್ಮನಿಲ್ಲ," ಅಂದೆ. "ಎಯ್ನೋ ಅಂತ ಯಾರೂ ಇಲ್ಲ. ಕುಡಿಯೋನು ನಾನೇ. ಸಮಾರಂಭದಲ್ಲಿ ಬಿದ್ದಿದ್ದು ನಾನು, ಶವಸಂಸ್ಕಾರಕ್ಕೆ ಹೋಗದೆ ಇದ್ದೋನು ನಾನು. ಆ ಬಾಟಲಿ ನನ್ನದು. ಮೊದಲ ದಿನ ತಪ್ಪಿ ಬಂದೆ. ಆಮೇಲೆ ಬೇಕು ಅಂತಲೇ ಬಂದೆ."

ಕಣ್ಣೊರೆಸಿಕೊಂಡಿದ್ದ ಹೆಂಗಸು ಕೈಚೀಲವನ್ನು ತೊಡೆಯ ಮೇಲೆಳೆದುಕೊಂಡಳು. ಒಬ್ಬ ಬೈಯಲು ಬಾಯಿ ತೆರೆದು, ನಿಯಮ ನೆನಪಾಗಿ ಮುಚ್ಚಿದ. ಆಮೇಲೆ ಒಬ್ಬೊಬ್ಬರಾಗಿ, ಹೊಂದಿಕೆಯಿಲ್ಲದೆ, "ಥ್ಯಾಂಕ್ಸ್, ಆರ್ವೋ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಹೆಲ್ವಿ ಕಾರಿನ ಕೀಲಿ ಕೈಗೆ ತೆಗೆದುಕೊಂಡಳು.

ವರ್ನಾ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು. ಅಲ್ಲಿ ನಿಯಮವಿರಲಿಲ್ಲ.

"ಆರು ವಾರ ದಿನಾ ರಾತ್ರಿ ಎಯ್ನೋಗೋಸ್ಕರ ಪ್ರಾರ್ಥನೆ ಮಾಡಿದೀನಿ ಕಣಯ್ಯಾ. ಮಂಡಿ ನೋವಲ್ಲೂ ಮಂಡಿ ಊರಿ. ಯಾವ ಮುಖ ಇಟ್ಕೊಂಡು ನನ್ನ ಕಾಫಿ ಕುಡಿದೆ ನೀನು?"

"ನಿಲ್ಲಿಸಬೇಡಿ," ಅಂದೆ. "ಹೆಸರೊಂದು ಬದಲಾಯಿಸಿ."

"ನಿನ್ನ ಮುಖಕ್ಕೆ," ಅಂದಳು. ಎಡಗಡೆ ಬಾಗಿಲು ತೆರೆದು ಬೆನ್ನಿಗೆ ಕೈಹಾಕಿ ನೂಕಿದಳು.

ಒಳಗೆ ಡೆಲ್ಬರ್ಟ್, ಇನ್ನು ಏಳೆಂಟು ಜನ. ಕಾಫಿ ಸುಟ್ಟ ವಾಸನೆ. ಡೆಲ್ಬರ್ಟ್ ಗಡಿಯಾರ ನೋಡಿ, "ನಿನ್ನ ತಮ್ಮ ಎಲ್ಲಿ?" ಎಂದ. ಬಾಗಿಲ ಹತ್ತಿರವೇ ನಿಂತು, ಹೆಸರು ಹೇಳಿ, ನಾನು ಕುಡುಕ ಅಂದೆ. ಅವರು ನನ್ನನ್ನು ಕರುಣೆಯಿಂದ ನೋಡಲಿಲ್ಲ. ಒಬ್ಬ ಕಾಲಿನಿಂದ ಕುರ್ಚಿಯೊಂದನ್ನು ನನ್ನ ಕಡೆ ತಳ್ಳಿದ. ಅವರು ಏನು ಮಾತಾಡಿದರೋ ಒಂದೂ ತಲೆಗೆ ಹೋಗಲಿಲ್ಲ, ಕಿವಿಯೆಲ್ಲ ಹೊರಗೆ ಕಾರು ಹೊರಡುವ ಸದ್ದಿನ ಮೇಲಿತ್ತು.

ಎಂಟಕ್ಕೆ ಮೇಲೆ ಬಂದಾಗ ಅವಳ ಕಾರು ಇನ್ನೂ ಇತ್ತು. ಎಂಜಿನ್ ಓಡುತ್ತಿತ್ತು. ಕಿಟಕಿ ತಟ್ಟಿದೆ. ನಾಲ್ಕು ಬೆರಳಗಲ ಗಾಜು ಇಳಿಸಿದಳು.

"ಸೌದೆ ಹಿಂದೆ ಒಂದೇ ಅಲ್ಲ," ಅಂದೆ. "ಲಾರಿ ಸೀಟಿನ ಕೆಳಗೆ ಒಂದಿದೆ. ದೋಣಿಯ ಪೆಟ್ಟಿಗೇಲಿ ಒಂದು. ನೆಲಮಾಳಿಗೇಲಿ ನಿನ್ನ ಹಣ್ಣಿನ ಜಾಡಿಗಳ ಹಿಂದೆ ಒಂದು."

"ನನ್ನ ಜಾಡಿಗಳ ಹಿಂದೆ," ಅಂದಳು.

"ಹೂಂ."

"ಇನ್ನೂ ಇದೆಯಾ?"

"ಗ್ಯಾರೇಜಿನಲ್ಲಿ. ಅಷ್ಟೇ. ಇನ್ನಿಲ್ಲ."

ಅವಳು ಮುಂದಿನ ಗಾಜಿನ ಕಡೆ ನೋಡುತ್ತ ಕೂತಳು. "ಇವತ್ತು ರಾತ್ರಿ ವೃದ್ಧಾಶ್ರಮದಲ್ಲೇ ಮಲಗ್ತೀನಿ. ಬೆಳಿಗ್ಗೆ ಸೈಮಾ ಹತ್ರ ಹೋಗ್ತೀನಿ."

"ಎಷ್ಟು ದಿನ?" ಎಂದೆ.

"ದಿನ ಎಣಿಸೋದು ಇನ್ನು ಮೇಲೆ ನಿನ್ನ ಕೆಲಸ. ನಾನು ಎಣಿಸಿ ಎಣಿಸಿ ಸಾಕಾಗಿದೀನಿ."

ಗೇರು ಹಾಕಿದಳು. ಕಾರು ಒಂದು ಅಡಿ ಮುಂದೆ ಹೋಗಿ ನಿಂತಿತು.

"ಕೊನೇದು ಯಾವಾಗ ಕುಡಿದಿದ್ದು?" ಎಂದು ಕೇಳಿದಳು.

ಆ ಪ್ರಶ್ನೆಗೆ ನಾನು ಯಾವತ್ತೂ ನಿಜ ಹೇಳಿದವನಲ್ಲ. "ಇವತ್ತು ಮಧ್ಯಾಹ್ನ," ಅಂದೆ. "ಎರಡು ಗಂಟೆಗೆ."

ಹೆಲ್ವಿ ಕಾರಿನ ಗಡಿಯಾರ ನೋಡಿದಳು. ತುಟಿ ಸ್ವಲ್ಪ ಅಲ್ಲಾಡಿತು.

"ಬಿಟ್ಟು ಆರು ಗಂಟೆ ಹತ್ತು ನಿಮಿಷ ಆಯ್ತು," ಎಂದು ಹೇಳಿ, ಗಾಜು ಏರಿಸಿಕೊಂಡು ಹೊರಟುಹೋದಳು.